ಮೆಟ್ಟಿಲಿಲ್ಲದ ಮಹಡಿ

ಕ್ಯಾಂಪಸ್ಸಿನಿಂದ ನೇರ ಕೆಲಸಕ್ಕೆ ಸೇರಿದ ಹುಡುಗರು ನನ್ನ ಹತ್ರ ಕೇಳೋದು ಎರಡೇ ವಿಷಯ. ಒಂದು, ಬೆಂಗಳೂರಲ್ಲಿ ಕಡಿಮೆ ಬಾಡಿಗೆಗೆ ರೂಮು ಎಲ್ಲಿ ಸಿಗುತ್ತೆ. ಇನ್ನೊಂದು, ಮೊದಲನೇ ಬೈಕ್ ಯಾವುದು ತಗೋಬೇಕು. ರೂಮಿನ ವಿಷಯಕ್ಕೆ ನನ್ನ ಹತ್ರ ಉತ್ತರ ಇಲ್ಲ. ಬೈಕಿನ ವಿಷಯಕ್ಕೆ ಇದೆ, ಆದರೆ ಉದ್ದ ಇದೆ. ಟೀ ಕುಡಿದು ಮುಗಿಸೋ ಅಷ್ಟರಲ್ಲಿ ಹೇಳೋಕೆ ಆಗಲ್ಲ. ಅದಕ್ಕೇ ಬರೆದೇಬಿಡೋಣ ಅಂತ ಕೂತೆ.

ಪ್ರಶ್ನೆ ಸರಳ. ಗೇರ್ ಗಾಡಿ ಈಗ ತಾನೇ ಕಲಿತವನು ಸೀದಾ ಒಂದು ಜೋರು ಸ್ಪೋರ್ಟ್ಸ್ ಬೈಕ್ ತಗೋಬಹುದಾ? ತಗೋಬಹುದು ಅನ್ನೋರು ಹೇಳೋದು, "ರೈಸ್ ಕೊಡೋದು ನಿನ್ನ ಕೈಲೇ ಇರೋದಲ್ವಾ, ಗಾಡಿ ತಾನಾಗೇ ಓಡುತ್ತಾ?" ಬೇಡ ಅನ್ನೋರು ಹೇಳೋದು, "ವಯಸ್ಸು ಅಂಥದ್ದು, ಕೈ ಸುಮ್ನಿರಲ್ಲ." ಗಮನಿಸಿ, ಇಬ್ಬರೂ ಮಾತಾಡ್ತಿರೋದು ಹುಡುಗನ ಸ್ವಭಾವದ ಬಗ್ಗೆ. ಒಳ್ಳೇ ಹುಡುಗ ಆದ್ರೆ ಏನೂ ಆಗಲ್ಲ, ತರಲೆ ಆದ್ರೆ ಆಗುತ್ತೆ. ಆದರೆ ಬೇರೆ ಕೆಲವು ದೇಶಗಳು ಅರವತ್ತು ವರ್ಷದಿಂದ ಇದನ್ನು ಸ್ವಭಾವಕ್ಕೆ ಬಿಟ್ಟಿಲ್ಲ. ನಮ್ಮಲ್ಲೂ ಒಂದು ಕಾಲದಲ್ಲಿ ಇದಕ್ಕೊಂದು ಉತ್ತರ ಇತ್ತು. ಅದನ್ನು ಸರ್ಕಾರ ಬರೆದದ್ದಲ್ಲ, ನಮ್ಮ ಜೇಬು ಬರೆದದ್ದು.

ನಾನು ತುಮಕೂರು ಜಿಲ್ಲೆಯ ಹಳ್ಳಿಯವನು. ನಮ್ಮ ಕಡೆ ಗಾಡಿ ಕಲಿಯೋದಕ್ಕೆ ಒಂದು ಕ್ರಮ ಇತ್ತು. ಮೊದಲು ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಕತ್ತರಿ ಕಾಲು ಹಾಕೋದು. ಆಮೇಲೆ ಮನೇಲಿದ್ದ ಲೂನಾನೋ ಟಿವಿಎಸ್ಸೋ ತಗೊಂಡು ಡೈರಿಗೆ ಹಾಲು ಹಾಕಿ ಬರೋದು. ಲೂನಾ ಬಂದದ್ದು 1972ರಲ್ಲಿ, ಟಿವಿಎಸ್ 50 ಬಂದದ್ದು 1980ರಲ್ಲಿ, ಅದೂ ಬೆಂಗಳೂರಿನ ಪಕ್ಕದ ಹೊಸೂರಿನಿಂದ. ಎರಡೂ 50 ಸಿಸಿ. ಎರಡು ಮೂಟೆ ಹಾಕಿ ಏರು ಹತ್ತಿಸೋವಾಗ ಕಾಲು ಕೊಟ್ಟು ತಳ್ಳಬೇಕಾಗಿದ್ದ ಗಾಡಿಗಳು. ಅದಾದ ಮೇಲೆ, ಅಪ್ಪ ಒಪ್ಪಿದರೆ, ಗೇರ್ ಗಾಡಿ.

ಆ ಗೇರ್ ಗಾಡಿಗಳಲ್ಲೂ ಎಷ್ಟು ಶಕ್ತಿ ಇತ್ತು ಅಂತ ನೋಡಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಶುರುವಿನಿಂದ 1996ರವರೆಗೆ ಗಾಡಿ ಮಾಡಿತು. ಜಾವಾ ಆಮೇಲೆ ಯೆಜ್ಡಿ ಆಯ್ತು. ಅದರ ರೋಡ್‌ಕಿಂಗ್ ಅಂದ್ರೆ ಹುಡುಗರ ಕನಸು. ಅದರ ಶಕ್ತಿ 16 ಹಾರ್ಸ್‌ಪವರ್. ಮದರಾಸಿನ ಬುಲೆಟ್ 350 ಸಿಸಿ, ಸದ್ದು ಕೇಳಿದ್ರೆ ಲಾರಿ ಬಂತು ಅನ್ನಿಸ್ತಿತ್ತು. ಶಕ್ತಿ ಮಾತ್ರ 18. ಸಿಸಿ ಅನ್ನೋದು ಎಂಜಿನ್ನಿನೊಳಗಿನ ಜಾಗದ ಅಳತೆ, ಹಾರ್ಸ್‌ಪವರ್ ಅನ್ನೋದು ಆ ಜಾಗದಿಂದ ಎಷ್ಟು ಕೆಲಸ ತೆಗೀತೀವಿ ಅನ್ನೋ ಅಳತೆ. ಈ ಎರಡೂ ಒಂದೇ ಅಲ್ಲ ಅನ್ನೋದನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ನಿಧಾನದ ಲೋಕಕ್ಕೆ 1983ರಲ್ಲಿ ಒಂದು ಗಾಡಿ ಬಂತು. ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಾಹಾ ಆರ್‌ಡಿ 350 ಬೈಕನ್ನು ಇಲ್ಲಿ ರಾಜ್‌ದೂತ್ 350 ಅನ್ನೋ ಹೆಸರಲ್ಲಿ ಮಾಡೋಕೆ ಶುರು ಮಾಡಿತು. 347 ಸಿಸಿ, ಎರಡು ಸಿಲಿಂಡರು, ಟೂ ಸ್ಟ್ರೋಕು. ಮೂಲ ಗಾಡಿಯಲ್ಲಿ 39 ಹಾರ್ಸ್‌ಪವರ್ ಇತ್ತು. ನಮ್ಮ ದೇಶಕ್ಕೆ ಅಂತ ಇಳಿಸಿ ಸುಮಾರು 30 ಮಾಡಿದರು, ಆಮೇಲೆ ಇನ್ನೂ ಇಳಿಸಿ 27ರ ಒಂದು ಮಾದರಿ ತಂದರು. ಇಳಿಸಿದ ಮೇಲೂ ಅದು ಬುಲೆಟ್ಟಿಗಿಂತ ಒಂದೂವರೆ ಪಟ್ಟು. ಆದರೆ ಇಳಿಸಿದ್ದು ಎಂಜಿನ್ ಒಂದನ್ನೇ ಅಲ್ಲ. ಮೂಲ ಗಾಡಿಯ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು, ನಮಗೆ ಕೊಟ್ಟಿದ್ದು ಡ್ರಮ್ ಬ್ರೇಕ್. ಓಡೋ ಶಕ್ತಿ ಹೊಸ ಕಾಲದ್ದು, ನಿಲ್ಲೋ ಶಕ್ತಿ ಹಳೇ ಕಾಲದ್ದು. ಆರ್‌ಡಿ ಅಂದ್ರೆ 'ರ್‍ಯಾಪಿಡ್ ಡೆತ್' ಅಂತ ಜನ ಬಿಡಿಸಿ ಹೇಳೋಕೆ ಶುರು ಮಾಡಿದ್ದು ಸುಮ್ನೆ ಅಲ್ಲ. ಇವತ್ತು ಆ ಗಾಡಿಯನ್ನು ದೇವರ ಥರ ಪೂಜೆ ಮಾಡೋರಿದ್ದಾರೆ. ನನಗೂ ಅದರ ಸದ್ದು ಇಷ್ಟವೇ. ಆದರೆ ಆವತ್ತು ಮಾರುಕಟ್ಟೆ ಅದನ್ನು ಕೈಬಿಟ್ಟಿತು. ಕಾರಣ ಸಾವು ಅಲ್ಲ, ಪೆಟ್ರೋಲು. ಅಷ್ಟು ಕುಡಿಯೋ ಗಾಡಿಯನ್ನು ಸಾಕೋ ಶಕ್ತಿ ನಮ್ಮ ಮನೆಗಳಿಗೆ ಇರಲಿಲ್ಲ.

ಆರ್‌ಡಿ ಬಂದ ಮೂರೇ ವರ್ಷದೊಳಗೆ ಜಪಾನಿನ ನಾಲ್ಕೂ ಕಂಪನಿಗಳ 100 ಸಿಸಿ ಗಾಡಿಗಳು ಇಲ್ಲಿನ ಕಂಪನಿಗಳ ಜೊತೆ ಸೇರಿ ಬಂದವು. ಸುಜುಕಿ ಟಿವಿಎಸ್ಸಿನ ಜೊತೆ, ಹೋಂಡಾ ಹೀರೋ ಜೊತೆ, ಯಮಾಹಾ ಎಸ್ಕಾರ್ಟ್ಸ್ ಜೊತೆ, ಕವಾಸಾಕಿ ಬಜಾಜ್ ಜೊತೆ. 1985ರ ಹೀರೋ ಹೋಂಡಾ ಸಿಡಿ 100ರ ಶಕ್ತಿ ಸುಮಾರು 7 ಹಾರ್ಸ್‌ಪವರ್. ಅದನ್ನು ಮಾರಿದ್ದು ವೇಗದ ಹೆಸರಲ್ಲಲ್ಲ, ಪೆಟ್ರೋಲು ಹಾಕಿ ಮರೆತುಬಿಡಿ ಅನ್ನೋ ಜಾಹೀರಾತಲ್ಲಿ. ಅದೇ ವರ್ಷದ ಆರ್‌ಎಕ್ಸ್ 100 ತುಂಟ ಗಾಡಿ, ಆದರೂ ಅದರದ್ದು 11. ಆಮೇಲೆ 1994ರಲ್ಲಿ ಸ್ಪ್ಲೆಂಡರ್ ಬಂತು, ನಮ್ಮೂರಿನ ಪ್ರತಿ ಹಟ್ಟಿಗೂ ಒಂದು ಬಂತು. ಅಂದ್ರೆ ಹೆಚ್ಚು ಕಮ್ಮಿ ಹದಿನೈದು ವರ್ಷ ಈ ದೇಶದ ಹುಡುಗರೆಲ್ಲ ಗೇರ್ ಗಾಡಿ ಕಲಿತಿದ್ದು 7ರಿಂದ 11 ಹಾರ್ಸ್‌ಪವರ್ ಒಳಗೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು ಅಂತ ಯಾರೂ ಹೇಳಿರಲಿಲ್ಲ. ಹಾರಿ ಹತ್ತೋಕೆ ಮೇಲೆ ಮಹಡಿಯೇ ಇರಲಿಲ್ಲ.

ಇನ್ನು ಬೇರೆ ಕಡೆ ಏನಾಯ್ತು ನೋಡೋಣ. ಬ್ರಿಟನ್ನಿನಲ್ಲಿ 1950ರ ದಶಕದಲ್ಲೇ ಕಾರ್ಮಿಕರ ಮನೆಯ ಹುಡುಗರ ಕೈಗೆ ದೊಡ್ಡ ಬೈಕು ಬಂದಿತ್ತು. ಗಂಟೆಗೆ 100 ಮೈಲಿ ಮುಟ್ಟೋದನ್ನೇ ಗೌರವ ಅಂದುಕೊಂಡಿದ್ದ ಒಂದು ಪೀಳಿಗೆಯೇ ಇತ್ತು, 'ಟನ್-ಅಪ್ ಬಾಯ್ಸ್' ಅಂತ ಅವರಿಗೆ ಹೆಸರು. 1961ರಲ್ಲಿ ಅಲ್ಲಿನ ಸರ್ಕಾರ ಕಲಿಯುವವರಿಗೆ 250 ಸಿಸಿ ಮಿತಿ ಹಾಕಿತು. 250 ಅಂದ್ರೆ ಆಗ ಬಡಪಾಯಿ ಗಾಡಿ, ಹಾಗಾಗಿ ನಿಯಮ ಸಾಕು ಅನ್ನಿಸಿತು. ಆದರೆ ನಿಯಮ ಅಳೆದದ್ದು ಸಿಸಿಯನ್ನು, ಶಕ್ತಿಯನ್ನಲ್ಲ. ಜಪಾನಿನ ಎಂಜಿನಿಯರುಗಳು ಅದೇ 250 ಸಿಸಿಯೊಳಗೆ ಶಕ್ತಿ ತುಂಬುತ್ತಾ ಹೋದರು. 1978ರಲ್ಲಿ ಸುಜುಕಿ ಎಕ್ಸ್7 ಅನ್ನೋ ಗಾಡಿಯನ್ನು 100 ಮೈಲಿ ಓಡುವ 250 ಅಂತಲೇ ಮಾರಿದರು. 1980ರಲ್ಲಿ ಯಮಾಹಾ ಆರ್‌ಡಿ 250 ಎಲ್‌ಸಿ ಬಂತು. ಕಲಿಯುವವನ ಎಲ್ ಬೋರ್ಡ್ ಅಂಟಿಸಿಕೊಂಡ ಹದಿನೇಳರ ಹುಡುಗ ಅದನ್ನು ಕಾನೂನುಬದ್ಧವಾಗಿ ಓಡಿಸಬಹುದಿತ್ತು. ಕೊನೆಗೆ 1983ರಲ್ಲಿ ಸರ್ಕಾರ ನಿಯಮ ಬಿಗಿ ಮಾಡಿತು. 125 ಸಿಸಿ, ಜೊತೆಗೆ 12 ಹಾರ್ಸ್‌ಪವರ್ ಮಿತಿ. ಸಿಸಿ ಮಾತ್ರ ಅಳೆದರೆ ಸಾಲದು ಅಂತ ಅರ್ಥ ಆಗೋಕೆ 22 ವರ್ಷ ಬೇಕಾಯ್ತು. ಅದೇ 1983ರಲ್ಲೇ ನಮ್ಮಲ್ಲಿ ಆರ್‌ಡಿ 350 ಮಾರಾಟಕ್ಕೆ ಬಂದಿದ್ದು ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಿ.

ಆ ಬೈಕುಗಳನ್ನು ಮಾಡಿ ಲೋಕಕ್ಕೆಲ್ಲ ಮಾರುತ್ತಿದ್ದ ಜಪಾನು ತನ್ನ ಮಕ್ಕಳಿಗೆ ಏನು ಮಾಡಿತು? 1975ರಲ್ಲಿ ಲೈಸೆನ್ಸನ್ನು ಮೆಟ್ಟಿಲು ಮಾಡಿತು. 125 ಸಿಸಿವರೆಗೆ ಒಂದು, 400ವರೆಗೆ ಇನ್ನೊಂದು, ಅದಕ್ಕಿಂತ ಮೇಲೆ ಮತ್ತೊಂದು. ಕೊನೇ ಮೆಟ್ಟಿಲಿನ ಪರೀಕ್ಷೆ ಎಷ್ಟು ಕಷ್ಟ ಇತ್ತು ಅಂದ್ರೆ, ಬಹಳಷ್ಟು ಜನ 400ಕ್ಕೇ ನಿಂತರು. ಹೋಂಡಾದ ಸಿಬಿ 400 ಫೋರ್ ಆಗ 408 ಸಿಸಿ ಇತ್ತು. ಹೊಸ ಕಾನೂನಿಗೆ ಹೊಂದಲಿ ಅಂತ ಅದನ್ನು 398ಕ್ಕೆ ಇಳಿಸಿದರು. ಬರೀ 10 ಸಿಸಿಗೋಸ್ಕರ ಒಂದು ಎಂಜಿನ್ನನ್ನೇ ತಿದ್ದಿದರು. 1996ರಲ್ಲಿ ದೊಡ್ಡ ಬೈಕಿನ ಲೈಸೆನ್ಸನ್ನು ಡ್ರೈವಿಂಗ್ ಸ್ಕೂಲಿನಲ್ಲೇ ಕಲಿತು ಪಡೆಯೋ ಹಾಗೆ ಮಾಡಿದರು. ಮೆಟ್ಟಿಲು ಕಿತ್ತುಹಾಕಲಿಲ್ಲ, ಹತ್ತೋದನ್ನು ಸ್ವಲ್ಪ ಸಲೀಸು ಮಾಡಿದರು ಅಷ್ಟೇ.

ಯುರೋಪಿನ ಈಗಿನ ನಿಯಮ 2013ರ ಜನವರಿಯಿಂದ ಇರೋದು. ಎ1 ಅನ್ನೋ ಮೊದಲ ಲೈಸೆನ್ಸಿಗೆ 125 ಸಿಸಿ ಮತ್ತು 11 ಕಿಲೋವ್ಯಾಟ್, ಅಂದ್ರೆ ಸುಮಾರು 15 ಹಾರ್ಸ್‌ಪವರ್. ಎ2ಗೆ 35 ಕಿಲೋವ್ಯಾಟ್, ಸುಮಾರು 47. ಅದರಲ್ಲಿ ಎರಡು ವರ್ಷ ಕಳೆದ ಮೇಲೆ ಮಿತಿಯಿಲ್ಲದ ಎ. ಸೀದಾ ಎ ಬೇಕು ಅಂದ್ರೆ ಸಾಮಾನ್ಯವಾಗಿ 24 ವರ್ಷ ಆಗಿರಬೇಕು. ಪರೀಕ್ಷೆ ಹೇಗಿರುತ್ತೆ ಅಂದ್ರೆ, 50 ಕಿಲೋಮೀಟರ್ ವೇಗದಲ್ಲಿ ಬಂದು ಗಕ್ಕನೆ ಬ್ರೇಕ್ ಹಾಕಿ ನಿಲ್ಲಿಸಬೇಕು, ಅದೇ ವೇಗದಲ್ಲಿ ಎದುರಿಗಿಟ್ಟ ಅಡ್ಡಿಯನ್ನು ತಪ್ಪಿಸಿ ಹೋಗಬೇಕು. ಅದೂ ಯಾವ ವರ್ಗದ ಲೈಸೆನ್ಸ್ ಬೇಕೋ ಆ ವರ್ಗದ ಗಾಡಿಯಲ್ಲೇ.

ನಮ್ಮದು? 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರ್ ಸೈಕಲ್ಲಿಗೆ ವಯಸ್ಸಿನ ಜೊತೆ ಹಾಕಿರೋ ಸಿಸಿ ಗೆರೆ ಒಂದೇ. 16 ತುಂಬಿದವರಿಗೆ 50 ಸಿಸಿವರೆಗೆ, 18 ತುಂಬಿದವರಿಗೆ ಅದಕ್ಕಿಂತ ಮೇಲೆ ಎಲ್ಲಾ. ಲೈಸೆನ್ಸಿನಲ್ಲಿ ಎರಡೇ ಜಾತಿ: ಗೇರ್ ಇಲ್ಲದ್ದು, ಗೇರ್ ಇರೋದು. ಹುಡುಗ ಎಲ್‌ಎಲ್‌ಆರ್ ಮಾಡಿಸಿ, ಮೂವತ್ತು ದಿನ ಬಿಟ್ಟು ಸ್ನೇಹಿತನ ಸ್ಪ್ಲೆಂಡರಿನಲ್ಲಿ ಆರ್‌ಟಿಓ ಮೈದಾನಕ್ಕೆ ಹೋಗ್ತಾನೆ. ಕಾಲು ಕೆಳಗಿಡದೆ ಎಂಟು ಹಾಕ್ತಾನೆ. ಆ ಕಾರ್ಡ್ ಕೈಗೆ ಬಂದ ದಿನವೇ ಅವನು ಸುಮಾರು 190 ಹಾರ್ಸ್‌ಪವರಿನ ಹಯಾಬೂಸಾ ಓಡಿಸಬಹುದು. ಕಾನೂನಿನ ಕಣ್ಣಿಗೆ ಅದೂ ಗೇರ್ ಗಾಡಿ, ಇದೂ ಗೇರ್ ಗಾಡಿ.

ಈ ಕಾನೂನು ಬರೆಯೋವಾಗ ಅದೊಂದು ಸಮಸ್ಯೆಯೇ ಆಗಿರಲಿಲ್ಲ. 1988ರಲ್ಲಿ ಹಯಾಬೂಸಾ ಎಲ್ಲಿತ್ತು? ಆದರೆ ಆಮೇಲೆ ಕಾಲ ಬದಲಾಯ್ತು. 2001ರಲ್ಲಿ ಪಲ್ಸರ್ ಬಂತು, 12 ಮತ್ತು 15 ಹಾರ್ಸ್‌ಪವರಿನ ಎರಡು ಮಾದರಿ. 2003ರಲ್ಲಿ ಕರಿಜ್ಮಾ, 17. 2004ರಲ್ಲಿ 'ಧೂಮ್' ಸಿನಿಮಾ ಬಂದು ಹಯಾಬೂಸಾ ಅನ್ನೋ ಹೆಸರು ಹಳ್ಳಿ ಹಳ್ಳಿಯ ಹುಡುಗರ ಬಾಯಿಗೂ ಬಂತು. 2007ರ ಕೊನೆಯಲ್ಲಿ ಯಮಾಹಾ ಆರ್1 ಶೋರೂಮಿಗೆ ಬಂತು. 2008ರಲ್ಲಿ ಆರ್15 ಬಂತು. ಅದೇ ಹೊತ್ತಿಗೆ ಸಂಬಳದ ಕೆಲಸ ಬಂತು, ಸಾಲ ಸುಲಭ ಆಯ್ತು, ಇಎಂಐ ಅನ್ನೋ ಪದ ನಮ್ಮ ಅಪ್ಪಂದಿರಿಗೂ ಗೊತ್ತಾಯ್ತು. ಜೇಬು ಕಟ್ಟಿದ್ದ ಮೆಟ್ಟಿಲು ಜೇಬು ತುಂಬಿದ ಕೂಡಲೇ ಹೋಯ್ತು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆ ಕೂತಿರೋದು ಪುಣೆ ಹತ್ತಿರದ ಚಾಕಣದಲ್ಲಿ. ಅಲ್ಲಿನ ಬಜಾಜ್ ಕಾರ್ಖಾನೆಯಲ್ಲಿ ಆಸ್ಟ್ರಿಯಾದ ಕೆಟಿಎಂ ಕಂಪನಿಯ ಸಣ್ಣ ಡ್ಯೂಕ್ ಬೈಕುಗಳು ತಯಾರಾಗ್ತವೆ. ಮೊದಲು ತಯಾರಾಗಿದ್ದು ಡ್ಯೂಕ್ 125. ಅದು 2011ರಲ್ಲಿ ಯುರೋಪಿಗೆ ಹೋಯ್ತು. ಶಕ್ತಿ ಸರಿಯಾಗಿ 15 ಹಾರ್ಸ್‌ಪವರ್, ಯಾಕಂದ್ರೆ ಅಲ್ಲಿ ಹೊಸದಾಗಿ ಕಲಿಯೋ ಹುಡುಗರಿಗೆ ಕಾನೂನು ಒಪ್ಪೋದು ಅಷ್ಟನ್ನೇ. ನಮಗೆ ಅದೇ ಕಾರ್ಖಾನೆಯಿಂದ ಬಂದದ್ದು 2012ರ ಜನವರಿಯಲ್ಲಿ. ಅದು 125 ಅಲ್ಲ, ಡ್ಯೂಕ್ 200. ಶಕ್ತಿ 25. ಯುರೋಪಿನ ಹೊಸಬನಿಗೆ 15, ಚಾಕಣದ ಗೇಟಿನ ಎದುರಿನ ಹೊಸಬನಿಗೆ 25. ಆಗ ಅದಕ್ಕೆ ಎಬಿಎಸ್ಸೂ ಇರಲಿಲ್ಲ. 2013ರಲ್ಲಿ ಡ್ಯೂಕ್ 390 ಬಂತು, ಸುಮಾರು 43 ಹಾರ್ಸ್‌ಪವರ್, ಎಬಿಎಸ್ ಸಮೇತ. ಡ್ಯೂಕ್ 125 ನಮ್ಮ ದೇಶದ ಶೋರೂಮಿಗೆ ಬಂದದ್ದು 2018ರ ನವೆಂಬರಿನಲ್ಲಿ. ಮೊದಲ ಮೆಟ್ಟಿಲು ನಮಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ಕಂಪನಿಯನ್ನು ಬೈಯೋಕೆ ಏನೂ ಇಲ್ಲ. ಕಾನೂನು ಕೇಳಿದ ಕಡೆ ಕೇಳಿದ್ದು ಮಾಡಿಕೊಟ್ಟರು, ಕೇಳದ ಕಡೆ ಜನ ಬಯಸಿದ್ದು ಮಾರಿದರು.

"ಸರಿ, ಆದ್ರೆ ಅದೇನು ಅಂಥ ವ್ಯತ್ಯಾಸ? ನಿಧಾನಕ್ಕೆ ಓಡಿಸಿದ್ರೆ ಆಯ್ತಲ್ಲ" ಅಂತೀರಾ. ಒಬ್ಬನ ವಿಷಯ ಹೇಳ್ತೀನಿ. ನಮ್ಮ ಹೈಸ್ಕೂಲಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವನು. ಹೆಸರು ಬೇಡ, ಅವರಮ್ಮ ಇನ್ನೂ ಇದ್ದಾರೆ. ಪಿಯುಸಿಯಿಂದಲೂ ಅಪ್ಪನ ಸ್ಪ್ಲೆಂಡರ್ ಓಡಿಸಿದವನು. ಕೆಲಸ ಸಿಕ್ಕಿದ ಮೇಲೆ ಸಾಲ ಮಾಡಿ ಒಂದು 200 ಸಿಸಿ ಬೈಕ್ ತಗೊಂಡ. ತಗೊಂಡು ಇಪ್ಪತ್ತೆರಡು ದಿನ ಆಗಿತ್ತು, ಗೌರಿ ಹಬ್ಬಕ್ಕೆ ಊರಿಗೆ ಬರ್ತಿದ್ದ. ಕುಡಿದಿರಲಿಲ್ಲ. ಹೆಲ್ಮೆಟ್ ಹಾಕಿದ್ದ. ತರಲೆ ಹುಡುಗ ಅಂತ ಯಾರೂ ಅಂದವರಲ್ಲ. ಕೆರೆ ಏರಿ ಹತ್ರದ ತಿರುವು, ಅವನು ಸಾವಿರ ಸಲ ದಾಟಿದ ತಿರುವು. ರಸ್ತೆ ಮೇಲೆ ಹಿಂದಿನ ಚಕ್ರ ಎಳೆದುಕೊಂಡು ಹೋದ ಕಪ್ಪು ಗೆರೆ ಒಂದೇ ಇತ್ತು. ಊರಿನವರೆಲ್ಲ ಹೇಳಿದ್ದು 'ಸ್ಪೀಡು' ಅಂತ. ಆದರೆ ಆ ಗೆರೆ ಇನ್ನೂ ಒಂದು ವಿಷಯ ಹೇಳುತ್ತೆ.

ನಮ್ಮ ಹಳ್ಳಿಗಳಲ್ಲಿ ಗಾಡಿ ಕಲಿಸೋ ಪ್ರತಿಯೊಬ್ಬ ಮಾವನೂ ಹೇಳೋ ಮೊದಲ ಪಾಠ ಏನು? "ಮುಂದಿನ ಬ್ರೇಕ್ ಮುಟ್ಬೇಡ ಕಣೋ, ಪಲ್ಟಿ ಹೊಡೀತೀಯ." ಮಣ್ಣು ರಸ್ತೆಯಲ್ಲಿ, ಲೂನಾ ಮೇಲೆ, ಆ ಪಾಠ ನಡೆಯುತ್ತೆ. ಟಾರು ರಸ್ತೆಯಲ್ಲಿ 80ರ ವೇಗದಲ್ಲಿ ನಡೆಯಲ್ಲ. ಬ್ರೇಕ್ ಹಾಕಿದ ಕೂಡಲೇ ಗಾಡಿಯ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತೆ, ಹಿಂದಿನ ಚಕ್ರ ಹಗುರ ಆಗಿ ಜಾರುತ್ತೆ. ನಿಲ್ಲಿಸೋ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದ್ದೇ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನೋ ಪ್ರೊಫೆಸರ್ ಲಾಸ್ ಏಂಜಲೀಸಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ತನಿಖೆ ಮಾಡಿಸಿ 1981ರಲ್ಲಿ ವರದಿ ಕೊಟ್ಟರು. ಅದರಲ್ಲಿ ಕಂಡದ್ದೂ ಇದೇ: ಗಾಬರಿಯಲ್ಲಿ ಸವಾರರು ಹಿಂದಿನ ಬ್ರೇಕ್ ಒತ್ತಿ ಚಕ್ರ ಜಾರಿಸ್ತಾರೆ, ಮುಂದಿನದನ್ನು ಸಾಕಷ್ಟು ಬಳಸಲ್ಲ. ಶೇಕಡಾ 92 ಜನ ಯಾವ ತರಬೇತಿಯೂ ಇಲ್ಲದೆ ತಾವಾಗೇ ಅಥವಾ ಮನೆಯವರು, ಸ್ನೇಹಿತರ ಹತ್ರ ಕಲಿತವರು. ಇನ್ನೊಂದು ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅಪಘಾತಕ್ಕೆ ಸಿಕ್ಕವರು ಬೈಕ್ ಓಡಿಸೋಕೆ ಶುರು ಮಾಡಿ ಹತ್ತಿರ ಹತ್ತಿರ ಮೂರು ವರ್ಷ ಆಗಿದ್ದರೂ, ಅರ್ಧಕ್ಕಿಂತ ಹೆಚ್ಚು ಜನ ಆ ನಿರ್ದಿಷ್ಟ ಬೈಕಿಗೆ ಐದು ತಿಂಗಳಿಗಿಂತ ಹೊಸಬರು. ಅಂದ್ರೆ 'ಹೊಸಬ' ಅನ್ನೋದು ಲೈಸೆನ್ಸಿನ ತಾರೀಖಿನಿಂದ ಮಾತ್ರ ಗೊತ್ತಾಗಲ್ಲ. ಐದು ವರ್ಷ ಸ್ಪ್ಲೆಂಡರ್ ಓಡಿಸಿದವನೂ ಹೊಸ ಬೈಕಿನ ಮೇಲೆ ಹೊಸಬನೇ. ಸ್ಪ್ಲೆಂಡರಿನಲ್ಲಿ 80 ಆಯ್ತು ಅಂದ್ರೆ ಕೈ, ಸೀಟು, ಹ್ಯಾಂಡಲು ಎಲ್ಲ ನಡುಗಿ ಹೇಳ್ತವೆ. ಜೋರು ಗಾಡಿ 100ರಲ್ಲೂ ನುಣ್ಣಗೆ ಇರುತ್ತೆ, ಏನೂ ಹೇಳಲ್ಲ.

ರೈಸ್ ನಿನ್ನ ಕೈಲಿದೆ ಅನ್ನೋ ವಾದಕ್ಕೂ ಇಲ್ಲೇ ಉತ್ತರ ಇದೆ. ಗಾಬರಿ ಆದಾಗ ಕೈ ನಮ್ಮ ಮಾತು ಕೇಳಲ್ಲ. ಗಾಡಿ ಗುಂಡಿಗೆ ಇಳಿದು ಕುಲುಕಿದಾಗ ಮೈ ಹಿಂದಕ್ಕೆ ಹೋಗುತ್ತೆ, ಮಣಿಕಟ್ಟು ತಿರುಗುತ್ತೆ, ರೈಸ್ ಹೆಚ್ಚುತ್ತೆ. 7 ಹಾರ್ಸ್‌ಪವರಿನ ಗಾಡಿ ಆಗ ಒಂದು ಸಲ ಗೊರ್ ಅನ್ನುತ್ತೆ ಅಷ್ಟೇ. 43ರದ್ದು ಮುಂದಿನ ಆಟೋದ ಹಿಂಬದಿಗೆ ತಂದು ನಿಲ್ಲಿಸುತ್ತೆ. ತಪ್ಪು ಇಬ್ಬರೂ ಮಾಡೋದು ಅದೇ, ದಂಡ ಮಾತ್ರ ಬೇರೆ ಬೇರೆ. ಕಲಿಯೋ ಕಾಲ ಅಂದ್ರೇ ತಪ್ಪು ಮಾಡೋ ಕಾಲ.

ಎದುರಿನ ವಾದದಲ್ಲೂ ಸತ್ಯ ಇದೆ. ಎಬಿಎಸ್ ಇರೋ ಒಂದು ಹೊಸ 390, ಡ್ರಮ್ ಬ್ರೇಕಿನ ಹಳೇ 100 ಸಿಸಿ ಗಾಡಿಗಿಂತ ಚೆನ್ನಾಗಿ ನಿಲ್ಲುತ್ತೆ. 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯ ಆಗಿದ್ದೂ 2018–19ರಲ್ಲಿ, ಅದು ನಮ್ಮ ಸರ್ಕಾರ ಮಾಡಿದ ಒಳ್ಳೇ ಕೆಲಸ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ ಶೇಕಡಾ 44ಕ್ಕಿಂತ ಹೆಚ್ಚು ದ್ವಿಚಕ್ರದವರು. ಅಷ್ಟೂ ಜನರನ್ನು ಸ್ಪೋರ್ಟ್ಸ್ ಬೈಕಿನ ತಲೆಗೆ ಕಟ್ಟೋಕಾಗಲ್ಲ. ಗುಂಡಿ ಇದೆ, ಲೈಟಿಲ್ಲದ ಟ್ರ್ಯಾಕ್ಟರ್ ಇದೆ, ಹೆಲ್ಮೆಟ್ಟಿಲ್ಲದ ತಲೆ ಇದೆ. ಆದರೂ ಶಕ್ತಿ ಲೆಕ್ಕಕ್ಕೇ ಇಲ್ಲ ಅನ್ನೋಕಾಗಲ್ಲ. ಅಮೆರಿಕದ ಇನ್ಶೂರೆನ್ಸ್ ಕಂಪನಿಗಳು ಸೇರಿ ನಡೆಸೋ ಹೆದ್ದಾರಿ ಸುರಕ್ಷತಾ ಸಂಸ್ಥೆ 2007ರಲ್ಲಿ ಲೆಕ್ಕ ಹಾಕಿ ಹೇಳಿತು: ನೋಂದಣಿಯಾದ ಗಾಡಿಗಳ ಸಂಖ್ಯೆಗೆ ಹೋಲಿಸಿದರೆ ಸೂಪರ್‌ಸ್ಪೋರ್ಟ್ ಬೈಕಿನವರ ಸಾವು ಬೇರೆ ಬೈಕಿನವರಿಗಿಂತ ಸುಮಾರು ನಾಲ್ಕು ಪಟ್ಟು. ಅವನ್ನು ಓಡಿಸೋರಲ್ಲಿ ಎಳೇ ವಯಸ್ಸಿನವರು ಹೆಚ್ಚು ಅನ್ನೋದೂ ನಿಜ. ನಾವು ಮಾತಾಡ್ತಿರೋದೂ ಅವರ ಬಗ್ಗೆಯೇ ಅಲ್ವಾ?

ಇನ್ನೊಂದು ವಾದ ದುಡ್ಡಿನದ್ದು. "ಅಣ್ಣಾ, ಎರಡೆರಡು ಸಲ ಬೈಕ್ ತಗೊಳ್ಳೋಕೆ ಯಾರ ಹತ್ರ ಇದೆ? ಒಂದೇ ಸಲ ಬೇಕಾದ್ದು ತಗೋತೀನಿ." ನಮ್ಮ ಚಿಕ್ಕಪ್ಪನ ಮಗ ಹೋದ ವರ್ಷ ಹೀಗೇ ಅಂದ. ಇದು ಸುಳ್ಳಲ್ಲ, ಹಳ್ಳಿಯಿಂದ ಬಂದವರಿಗೆ ಇದು ಗೊತ್ತಿರೋ ಸಂಕಟ. ಆದರೆ ಲೆಕ್ಕ ಮಾಡಿ ನೋಡಿ. ಸೆಕೆಂಡ್ ಹ್ಯಾಂಡ್ 125 ಅಥವಾ 150 ತಗೊಂಡು ಒಂದೂವರೆ ವರ್ಷ ಓಡಿಸಿ ಮಾರಿದರೆ, ಕಳೆದುಕೊಳ್ಳೋದು ಹೊಸ ಬೈಕ್ ಶೋರೂಮಿನಿಂದ ಆಚೆ ಬಂದ ಮೊದಲ ವರ್ಷ ಕಳೆದುಕೊಳ್ಳೋ ಬೆಲೆಗಿಂತ ಕಡಿಮೆ. ಅವನು ಹಾಗೇ ಮಾಡಿದ. ಚಿಕ್ಕಮ್ಮನಿಗೆ ನೆಮ್ಮದಿ. ಅವನಿಗೆ ನನ್ನ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ.

ಹಾಗಾಗಿ ಕೇಳಿದವರಿಗೆ ನಾನು ಹೇಳೋದು ಇಷ್ಟು. ಮೊದಲ ಗಾಡಿ 15 ಹಾರ್ಸ್‌ಪವರ್ ಒಳಗಿರಲಿ, ಸಾಧ್ಯವಾದರೆ ಎಬಿಎಸ್ ಇರಲಿ. ಖಾಲಿ ಮೈದಾನದಲ್ಲಿ, 30ರಲ್ಲಿ, ಆಮೇಲೆ 50ರಲ್ಲಿ, ಎರಡೂ ಬ್ರೇಕು ಸೇರಿಸಿ ಹಿಡಿದು ನಿಲ್ಲಿಸೋದನ್ನ ಬೆರಳಿಗೆ ಅಭ್ಯಾಸ ಆಗೋವರೆಗೂ ಮಾಡು. ಒಂದು ಮಳೆಗಾಲ ಅದರಲ್ಲೇ ಕಳಿ. ಆಮೇಲೆ ನಿನಗೆ ಬೇಕಾದ ಬೈಕ್ ತಗೋ, ತಗೊಂಡ ಮೇಲೆ ಐದು ತಿಂಗಳು ನೀನು ಮತ್ತೆ ಹೊಸಬ ಅಂದುಕೋ. ಜೋರು ಬೈಕು ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ.

ಸರ್ಕಾರ ಮಾಡಬೇಕಾದ್ದೂ ಹೆಚ್ಚೇನಿಲ್ಲ. 'ಗೇರ್ ಇರುವ ಮೋಟಾರ್ ಸೈಕಲ್' ಅನ್ನೋ ಒಂದು ಸಾಲನ್ನು ಎರಡು ಮಾಡಬೇಕು, ಸಿಸಿ ಬದಲು ಶಕ್ತಿ ಅಳೆಯಬೇಕು, ಎಂಟು ಹಾಕಿಸೋ ಮೈದಾನದಲ್ಲೇ ಒಂದು ಸಲ ಜೋರಾಗಿ ಬ್ರೇಕ್ ಹಾಕಿಸಿ ನೋಡಬೇಕು. ಬ್ರಿಟನ್ನು 22 ವರ್ಷ ತಗೊಂಡು ಕಲಿತ ಪಾಠ ನಮ್ಮ ಎದುರಿಗೇ ಇದೆ. ಅದು ಆಗೋವರೆಗೆ ಕಲಿಸೋ ಮಾವಂದಿರು, ಅಣ್ಣಂದಿರು ಮುಂದಿನ ಬ್ರೇಕಿನ ಆ ಹಳೇ ಪಾಠವನ್ನಾದರೂ ಬಿಟ್ಟು ಸರಿಯಾದದ್ದು ಹೇಳಿಕೊಡಲಿ. ಅದಕ್ಕೆ ಯಾವ ಕಾನೂನೂ ಬೇಕಿಲ್ಲ.